ಟೆಂಟರ್ ಮೈದಾನದ ಹೆಟ್ಟಿ ಲಮ್

ಇಂಗ್ಲೆಂಡಿನ ಥಾರ್ನ್‌ಬೆಕ್ ಊರಿನ ಗಂಡಸರ ಕೈ ಮೊಣಕೈವರೆಗೂ ನೀಲಿಯಾಗಿರುತ್ತಿದ್ದ ಕಾಲ ಅದು. ಇಲ್ಲಿಂಗ್‌ವರ್ತ್ ಉಣ್ಣೆ ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ ದುಡಿಯುವವರು ಎಷ್ಟು ಸೋಪು ಹಾಕಿ ಉಜ್ಜಿದರೂ ಆ ನೀಲಿ ಬಿಡುತ್ತಿರಲಿಲ್ಲ. ಮದುವೆಗೆ ನಿಂತರೂ ಅದೇ ಕೈ, ಹೆಣಕ್ಕೆ ಹೆಗಲು ಕೊಟ್ಟರೂ ಅದೇ ಕೈ. 1888ರಲ್ಲಿ ಅವರಲ್ಲೇ ಹದಿಮೂರು ಮಂದಿ ಸೇರಿ ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಅಂಗಿಗೆ ಯಾವ ಬಣ್ಣ ಎಂಬ ಮಾತೇ ಏಳಲಿಲ್ಲ. ವಾರದ ಕೊನೆಗೆ ಬಾನಿಯ ತಳದಲ್ಲಿ ಉಳಿದ ಬಣ್ಣಕ್ಕೆ ತಮ್ಮ ತಮ್ಮ ಹಳೆಯ ಅಂಗಿಗಳನ್ನು ಅದ್ದಿ ತೆಗೆದರು. ಮಳೆಯಲ್ಲಿ ಆಡಿದ ದಿನ ಆ ಬಣ್ಣ ಎದುರು ತಂಡದವರ ಮೈಗೂ ಮೆತ್ತಿಕೊಳ್ಳುತ್ತಿತ್ತು. ಸುತ್ತಲಿನ ಊರವರು ಇವರನ್ನು 'ನೀಲಿಗೈಗಳು' ಎಂದು ಅಣಕಿಸಿದರು. ಇವರು ಆ ಅಣಕವನ್ನೇ ಎತ್ತಿಕೊಂಡು ಕ್ಲಬ್ಬಿನ ಹೆಸರಿನ ಕೆಳಗೆ ಬರೆಸಿದರು.

ಆಡಲು ಸಿಕ್ಕಿದ್ದು ಗಿರಣಿಯ ಕೆಳಗಿನ ತಗ್ಗು. ತೊಳೆದ ಉಣ್ಣೆ ಬಟ್ಟೆಯನ್ನು ಮರದ ಚೌಕಟ್ಟುಗಳಿಗೆ ಬಿಗಿದು ಒಣಗಿಸುತ್ತಿದ್ದ ಜಾಗ. ಆ ಚೌಕಟ್ಟಿಗೆ ಟೆಂಟರ್ ಎನ್ನುತ್ತಿದ್ದರು, ಹಾಗಾಗಿ ಅದು ಟೆಂಟರ್ ಮೈದಾನ. ಮೇಲೆ ಗುಡ್ಡ, ಕೆಳಗೆ ಹಳ್ಳ. ಗುಡ್ಡದ ನೀರೆಲ್ಲ ಹಳ್ಳ ಸೇರುವ ಮೊದಲು ಅಲ್ಲಿ ಒಂದಷ್ಟು ದಿನ ಬಿಡಾರ ಹೂಡುತ್ತಿತ್ತು. ಇಪ್ಪತ್ತೈದು ವರ್ಷ ನೀಲಿಗೈಗಳು ಆಡಿದ್ದು ಅರ್ಧ ಫುಟ್‌ಬಾಲ್, ಅರ್ಧ ಕೆಸರುಗದ್ದೆಯ ಓಟ.

ಇದಕ್ಕೆ ಮದ್ದು ಕಂಡುಕೊಂಡವನು ಏಮಸ್ ಡೈಸನ್. ಅವನು ಆಟಗಾರನಲ್ಲ, ಓದು ಬರಹ ಬಂದವನೂ ಅಲ್ಲ. ಹೊಲಗಳಲ್ಲಿ ಬಸಿಗಾಲುವೆ ತೋಡುವುದು ಅವನ ಕಸುಬು. 1913ರ ಬೇಸಿಗೆಯಲ್ಲಿ ಮೂರು ತಿಂಗಳು, ಸಂಜೆ ಸಂಜೆ ಬಂದು, ಮೈದಾನವನ್ನು ಎರಡೂವರೆ ಅಡಿ ಆಳಕ್ಕೆ ಸೀಳಿ ಮಣ್ಣಿನ ಕೊಳವೆಗಳನ್ನು ಹೂಳಿದ. ನಡುವೆ ಉದ್ದಕ್ಕೂ ಒಂದು ದಪ್ಪ ಕೊಳವೆ, ಅದಕ್ಕೆ ಎಡಗಡೆಯಿಂದ ಹನ್ನೊಂದು, ಬಲಗಡೆಯಿಂದ ಹನ್ನೊಂದು ಸಣ್ಣ ಕೊಳವೆಗಳು ಓರೆಯಾಗಿ ಬಂದು ಸೇರುವ ಹಾಗೆ. ಅವನ ಜೊತೆ ದಿನವೂ ಇರುತ್ತಿದ್ದವಳು ಏಳು ವರ್ಷದ ಮಗಳು ಹೆಟ್ಟಿ.

"ಅಪ್ಪಾ, ಇದು ಮೀನಿನ ಮುಳ್ಳಿನ ಥರಾನೇ ಇದೆಯಲ್ಲ!"

"ಹೂಂ ಪುಟ್ಟಿ, ಮೀನೇ. ತಲೆ ಗಿರಣಿ ಕಡೆ, ಬಾಲ ಹಳ್ಳದಲ್ಲಿ. ಈಗ ಮಣ್ಣು ಮುಚ್ತೀನಿ. ಆಮೇಲೆ ಇದು ಎಲ್ಲಿದೆ ಅಂತ ಯಾರಿಗ್ ಗೊತ್ತಿರುತ್ತೆ ಹೇಳು?"

"ನಿಂಗೆ."

"ನಾನು ಸತ್ರೆ?"

ಹೆಟ್ಟಿ ಯೋಚಿಸಿದಳು. "ನಂಗೆ."

"ಹಾಗಾದ್ರೆ ನಡಿ, ಎಣಿಸು."

ಮೂಲೆಯ ಬಾವುಟದಿಂದ ಅಪ್ಪನ ಐದು ಹೆಜ್ಜೆಗೆ ಮೊದಲನೆಯ ಸಣ್ಣ ಕೊಳವೆಯ ಬಾಯಿ, ಅಲ್ಲಿಂದ ಒಂಬತ್ತು ಒಂಬತ್ತು ಹೆಜ್ಜೆಗೆ ಒಂದೊಂದು. ತನ್ನ ಹೆಜ್ಜೆ, ಅಪ್ಪನ ಹೆಜ್ಜೆ ಎರಡರ ಲೆಕ್ಕವೂ ಅವಳ ಬಾಯಿಗೆ ಬಂತು. ಆ ಅಕ್ಟೋಬರಿನಲ್ಲಿ ವಾರವಿಡೀ ಮಳೆ ಹೊಯ್ದು ಶನಿವಾರ ಬಿಡುವು ಕೊಟ್ಟಾಗ, ಏಮಸ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಬಂದ. ಎಲ್ಲೂ ನೀರು ನಿಂತಿರಲಿಲ್ಲ. ನಾಲ್ಕು ಸಾವಿರ ಜನ ಒಂದೇ ಬಾಯಲ್ಲಿ ಕೂಗಿದಾಗ ಅಪ್ಪನ ಹೆಗಲು ನಡುಗಿದ್ದು ಅವಳ ತೊಡೆಗೆ ತಿಳಿಯಿತು. ಇಷ್ಟು ಜನರ ಭಾರವನ್ನು, ಇಷ್ಟು ಸದ್ದನ್ನು ಈ ನೆಲ ಹೊತ್ತುಕೊಂಡಿದೆಯಲ್ಲ ಎಂದು ಅವಳು ಬಾಯಿ ತೆರೆದು ಕೆಳಗೆ ನೋಡುತ್ತಿದ್ದಳು. ಚೆಂಡು ಎಲ್ಲಿತ್ತೋ ಅವಳಿಗೆ ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ಯುದ್ಧ ಇವರ ಊರಿಗೂ ಬಂತು. ಕ್ಲಬ್ಬಿನ ಹದಿನಾಲ್ಕು ಮಂದಿ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಸೈನ್ಯಕ್ಕೆ ಹೆಸರು ಕೊಟ್ಟರು. ಏಮಸನೂ ಸಾಲಿನ ಕೊನೆಯಲ್ಲಿ ನಿಂತ. ಕಂದಕ ತೋಡುವವರು ಅಲ್ಲಿಗೂ ಬೇಕಿತ್ತು. ತಿರುಗಿ ಬಂದವರು ಐದು ಜನ. ಅವರಲ್ಲಿ ಅವನಿರಲಿಲ್ಲ.

ಹೆಟ್ಟಿ ಹದಿಮೂರಕ್ಕೆ ಗಿರಣಿ ಸೇರಿದಳು. ನೇಯ್ದ ಬಟ್ಟೆಯನ್ನು ಬೆಳಕಿನ ಮುಂದೆ ಹರಡಿ, ಬೆರಳು ಆಡಿಸಿ, ಗಂಟು ಕಿತ್ತು, ತಪ್ಪಿದ ದಾರ ಸೇರಿಸುವ ತಿದ್ದುವ ಕೆಲಸ. ಕಣ್ಣಿಗೆ ಕಾಣದ ತಪ್ಪು ಅವಳ ಬೆರಳಿಗೆ ಸಿಗುತ್ತಿತ್ತು. ಇಪ್ಪತ್ತೊಂದಕ್ಕೆ ಸೆತ್ ಲಮ್‌ನನ್ನು ಮದುವೆಯಾದಳು. ತಿರುಗಿ ಬಂದ ಐವರಲ್ಲಿ ಅವನೊಬ್ಬ, ಹಿಂದೆ ಬಲಬದಿಯಲ್ಲಿ ಮಿಂಚಿನ ಹಾಗೆ ಓಡುತ್ತಿದ್ದವನು. ಯುದ್ಧದ ವಿಷಗಾಳಿ ಕುಡಿದು ಬಂದ ಮೇಲೆ ಮೆಟ್ಟಿಲು ಹತ್ತಿದರೂ ಏದುಸಿರು. ಕ್ಲಬ್ಬಿನವರು ಅವನಿಗೆ ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟರು. ಬೆಳಗ್ಗೆ ಗಿರಣಿಯ ಸೀಟಿಗೆ ಮೊದಲು ಹುಲ್ಲು ಕತ್ತರಿಸುವುದು, ರೋಲರ್ ಎಳೆಯುವುದು, ಕಿತ್ತ ಹುಲ್ಲನ್ನು ತಿರುಗಿ ಕೂರಿಸುವುದು ಎಲ್ಲ ಹೆಟ್ಟಿ. ಸೆತ್ ಬೆಂಚಿನ ಮೇಲೆ ಕೂತು ಕೆಮ್ಮುತ್ತ ತಮಾಷೆ ಮಾಡುತ್ತಿದ್ದ.

"ಹೆಸರು ನಂದು, ಬೆನ್ನು ನಿಂದು ಕಣೇ. ಒಳ್ಳೇ ಕಂಪನಿ ನಮ್ದು."

"ಸುಮ್ನೆ ಕೂತ್ಕೊಳ್ರೀ. ಆ ಬೆಂಚನ್ನೂ ನಾನೇ ಎತ್ತಿಡ್ಬೇಕು ಆಮೇಲೆ."

ಹತ್ತು ವರ್ಷ ಆಟದ ದಿನ ಕ್ಲಬ್ಬು ಹಂಚುವ ಹಾಳೆಯಲ್ಲಿ 'ಮೈದಾನ: ಎಸ್. ಲಮ್' ಎಂದೇ ಅಚ್ಚಾಯಿತು. 1937ರ ಫೆಬ್ರವರಿಯಲ್ಲಿ ಸೆತ್ ತೀರಿಕೊಂಡ. ಆಡಳಿತ ಸಮಿತಿಯವರು ಹೂ ಕಳಿಸಿದರು, ಒಳ್ಳೆಯ ಮಾತಾಡಿದರು, ಆಮೇಲೆ ಮೂವತ್ತು ಮೈಲಿ ದೂರದಿಂದ ಸರ್ಟಿಫಿಕೇಟು ಇದ್ದ ಒಬ್ಬ ಗಂಡಸನ್ನು ಕರೆಸಿ ಕೆಲಸಕ್ಕೆ ಇಟ್ಟುಕೊಂಡರು. ಹೆಟ್ಟಿಗೆ ಎಂದಿನ ಹೊತ್ತಿಗೇ ಬೆಳಗ್ಗೆ ಎಚ್ಚರಾಗುತ್ತಿತ್ತು, ಸೀಟಿಯವರೆಗೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು.

ಆ ಮನುಷ್ಯ ಕೆಟ್ಟವನೇನಲ್ಲ. ಒದ್ದೆ ನೆಲದ ಮೇಲೆ ಭಾರದ ರೋಲರ್ ಹೊಡೆಸಿದ, ಅಷ್ಟೇ. ಮಣ್ಣು ಬಿಗಿದು ಹಂಚಿನ ಹಾಗಾಯಿತು. ನವೆಂಬರಿನಲ್ಲಿ ಒಂದು ಶನಿವಾರ ಅರ್ಧ ಆಟಕ್ಕೆ ಗೋಲಿನ ಮುಂದೆ ಚೆಂಡು ತೇಲತೊಡಗಿತು. ಬಾತುಕೋಳಿಯೊಂದು ಹಳ್ಳದಿಂದ ಎದ್ದು ಬಂದು ಅದರ ಪಕ್ಕ ಇಳಿಯಿತು. ಜನ ನಕ್ಕ ನಗು ಗುಡ್ಡದ ಮೇಲಿನ ಚರ್ಚಿನವರೆಗೂ ಕೇಳಿಸಿತಂತೆ. ಆ ಸೋಮವಾರ ಅವನು ತಾನಾಗಿಯೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ.

ಅದೇ ಸಂಜೆ ಗಿರಣಿಯ ಮಾಲೀಕ, ಕ್ಲಬ್ಬಿನ ಅಧ್ಯಕ್ಷ ಇಲ್ಲಿಂಗ್‌ವರ್ತ್ ಸಾಹೇಬರು ಹೆಟ್ಟಿಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಜೊತೆಯಲ್ಲಿ ಕ್ಲಬ್ಬಿನ ಹೊಸ ಕಾರ್ಯದರ್ಶಿ ಎಡ್ಗರ್ ಕ್ರೌಥರ್, ಇಪ್ಪತ್ತೈದರ ತೆಳ್ಳನೆಯ ಗುಮಾಸ್ತ.

"ಮಿಸೆಸ್ ಲಮ್, ಮೈದಾನದ ವಿಷಯ…" ಎಂದರು ಸಾಹೇಬರು.

"ಮೈದಾನ ಎಲ್ಲಿದೆ ಸಾಹೇಬ್ರೇ? ಕೆರೆ ಅಲ್ವಾ ಅದೀಗ? ಕೂತ್ಕೊಳ್ಳಿ, ಟೀ ಕುಡೀರಿ."

ಎಡ್ಗರ್ ನಗು ತಡೆಯಲು ಕೆಮ್ಮಿದ. ಸಾಹೇಬರು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಹೇಳಿದರು: "ಹೆಂಗಸನ್ನ ಈ ಕೆಲಸಕ್ಕೆ ಇಟ್ಕೊಂಡ ಕ್ಲಬ್ಬು ಈ ಸೀಮೆಯಲ್ಲೇ ಇಲ್ಲ. ಬೇರೆ ಊರಿನವರು ಏನಂತಾರೆ?"

"ಈಗ ಬಾತುಕೋಳಿ ಕಥೆ ಹೇಳ್ಕೊಂಡು ನಗ್ತಾ ಇದಾರಲ್ಲ, ಅದನ್ನೇ ಮುಂದುವರಿಸ್ಲಿ ಬಿಡಿ."

ಮಂಡಿಯ ಮೇಲೆ ಟೋಪಿ ತಿರುಗುವುದು ನಿಂತಿತು. ಕೊನೆಗೆ ಸಾಹೇಬರು, "ನಿನ್ನ ಷರತ್ತೇನು?" ಎಂದರು.

"ಒಂದೇ. ಸೋಮವಾರದಿಂದ ಶುಕ್ರವಾರದವರೆಗೂ ಮೈದಾನ ನಂದು. ಶನಿವಾರ ಮಧ್ಯಾಹ್ನ ನಿಮ್ದು. ನಡುವೆ ಯಾರೂ ಬಂದು ಬುದ್ಧಿ ಹೇಳ್ಬಾರ್ದು. ನೀವೂ ಸೇರಿ."

ಎಡ್ಗರ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಅಕ್ಷರಶಃ ಬರೆದುಕೊಂಡ. ಮರುದಿನ ಬೆಳಗ್ಗೆ ಅವಳು ಉದ್ದ ಹಲ್ಲಿನ ತೋಟದ ಫೋರ್ಕು ಹಿಡಿದು ಮೈದಾನಕ್ಕೆ ಇಳಿದಳು. ಬಿಗಿದ ಮಣ್ಣನ್ನು ಗೇಣು ಗೇಣಿಗೆ ಚುಚ್ಚಿ ಸಡಿಲಿಸುತ್ತ ಹೋದಳು. ಇಡೀ ಮೈದಾನಕ್ಕೆ ಐದು ವಾರ ಹಿಡಿಯಿತು. ಕ್ರಿಸ್‌ಮಸ್ ಹೊತ್ತಿಗೆ ನೀರು ಮೊದಲಿನ ಹಾಗೆ ಇಂಗತೊಡಗಿತು.

ಮತ್ತೊಂದು ಯುದ್ಧ ಬಂದಾಗ ಮೈದಾನದಲ್ಲಿ ಆಲೂಗಡ್ಡೆ ಬೆಳೆಯಬೇಕೆಂದು ಹುಕುಂ ಬಂತು. ಟ್ರ್ಯಾಕ್ಟರ್ ಬಂದು ಗೇಟಿನ ಮುಂದೆ ನಿಂತಿತು. ಹೆಟ್ಟಿ ಅದರ ಮುಂದೆ ನಿಂತಳು.

"ಆಲೂಗಡ್ಡೆ ಬೇಕು ತಾನೇ? ಬೆಳೆದು ಕೊಡ್ತೀವಿ. ಆದ್ರೆ ಈ ನೇಗಿಲು ಒಳಗೆ ಬರೋ ಹಾಗಿಲ್ಲ. ಕೆಳಗೆ ಕೊಳವೆ ಇದೆ."

"ಎರಡೂವರೆ ಎಕರೆ ಅಮ್ಮಾ! ಕೈಯಲ್ಲಿ ಅಗೀತೀಯಾ?" ಎಂದ ಟ್ರ್ಯಾಕ್ಟರಿನವನು.

"ನಾನೊಬ್ಬಳೇ ಅಲ್ಲ."

ಅವಳು ಗಿರಣಿಯ ತಿದ್ದುವ ಮನೆಗೆ ಹೋಗಿ ಹೇಳಿದಳು. ಊಟದ ಬಿಡುವಿನಲ್ಲಿ ಅರವತ್ತು ಹೆಂಗಸರು ಗುದ್ದಲಿ ಹಿಡಿದು ಬಂದರು. ಆರು ವರ್ಷ ಅಲ್ಲಿ ಕೈಗುದ್ದಲಿ ಬಿಟ್ಟು ಬೇರೇನೂ ಇಳಿಯಲಿಲ್ಲ. 1946ರಲ್ಲಿ ಮತ್ತೆ ಹುಲ್ಲು ಬಿತ್ತಿ, ಹೊಸ ಸುಣ್ಣದ ಗೆರೆ ಎಳೆದು, ನೀಲಿ ಅಂಗಿಗಳು ಓಡಿದ ದಿನ ಅವಳು ಗೋಲಿನ ಹಿಂದೆ ನಿಂತು ಅವರ ಕಾಲುಗಳನ್ನೇ ನೋಡುತ್ತಿದ್ದಳು. ಯಾರೋ ಸ್ಕೋರ್ ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ.

ಥಾರ್ನ್‌ಬೆಕ್ ದೊಡ್ಡ ಲೀಗಿನ ಮುಖ ನೋಡಿದ ಕ್ಲಬ್ಬಲ್ಲ. ಹಾಲು ಹಾಕುವವನು, ಬಡಗಿ, ಬಣ್ಣದ ಮನೆಯವರು, ಶಾಲಾ ಮಾಸ್ತರು ಆಡುವ ತಂಡ. ಆದರೆ ಇಂಗ್ಲೆಂಡಿನ ಕಪ್ ಪಂದ್ಯಾವಳಿಯಲ್ಲಿ ಚಿಕ್ಕವರೂ ದೊಡ್ಡವರೂ ಒಂದೇ ಪಾತ್ರೆಯೊಳಗಿನ ಚೀಟಿಗಳು. 1962ರ ಚಳಿಗಾಲದಲ್ಲಿ ನೀಲಿಗೈಗಳು ಒಂದೊಂದೇ ಸುತ್ತು ದಾಟಿ ಮೂರನೆಯದಕ್ಕೆ ಬಂದರು. ಚೀಟಿ ಎತ್ತಿದ್ದನ್ನು ರೇಡಿಯೋದಲ್ಲಿ ಕೇಳಲು ಇಡೀ ಬಣ್ಣದ ಮನೆ ಯಂತ್ರ ನಿಲ್ಲಿಸಿತ್ತು. ಥಾರ್ನ್‌ಬೆಕ್‌ಗೆ ಎದುರು ಮಾರ್ಲಿಂಗ್‌ಹ್ಯಾಮ್. ಮೊದಲ ದರ್ಜೆಯ ತಂಡ, ದೇಶಕ್ಕೆ ಆಡುವ ಮೂವರು ಇದ್ದ ತಂಡ. ಅದೂ ಟೆಂಟರ್ ಮೈದಾನದಲ್ಲಿ.

ಆಟ ಜನವರಿಯ ಮೊದಲ ಶನಿವಾರಕ್ಕೆ ಗೊತ್ತಾಯಿತು. ಕ್ರಿಸ್‌ಮಸ್ಸಿನ ಮರುದಿನ ಹಿಮ ಬಿತ್ತು, ಆಮೇಲೆ ಕರಗಲೇ ಇಲ್ಲ. ಅಂಥ ಚಳಿಯನ್ನು ಊರಿನ ಯಾವ ಮುದುಕನೂ ಕಂಡಿರಲಿಲ್ಲ. ಹಳ್ಳ ತಳದವರೆಗೆ ಹೆಪ್ಪುಗಟ್ಟಿತು. ಹಾಲಿನ ಬಾಟಲಿಗಳು ಬಾಗಿಲಲ್ಲೇ ಒಡೆದವು. ದೇಶದಲ್ಲೆಲ್ಲ ಫುಟ್‌ಬಾಲ್ ನಿಂತುಹೋಯಿತು. ಟೆಂಟರ್ ಮೈದಾನದ ಆಟವನ್ನು ಒಂಬತ್ತು ಸಲ ಮುಂದೂಡಿದರು. ಫೆಬ್ರವರಿ ನಡುವಿನಲ್ಲಿ ಕಪ್ ನಡೆಸುವವರಿಂದ ಎಡ್ಗರ್‌ಗೆ ಕಾಗದ ಬಂತು: ಬರುವ ಶನಿವಾರವೂ ಆಗದಿದ್ದರೆ ಆಟ ಮಾರ್ಲಿಂಗ್‌ಹ್ಯಾಮ್‌ನಲ್ಲಿ.

ಬುಧವಾರ ಬೆಳಗ್ಗೆ ಮೈದಾನದ ಅಂಚಿನಲ್ಲಿ ಅರ್ಧ ಊರೇ ನಿಂತಿತ್ತು. ಒಬ್ಬೊಬ್ಬರದು ಒಂದೊಂದು ಸಲಹೆ. ಬೆಂಕಿ ಹಾಕೋಣ ಎಂದರು, ಹುಲ್ಲಿನ ಹೊರೆ ಹಾಸೋಣ ಎಂದರು. ಕಟುಕನ ಅಂಗಡಿಯವನು ಉಪ್ಪಿನ ಮೂಟೆಗಳನ್ನು ಗಾಡಿಯಲ್ಲಿ ತಂದೇಬಿಟ್ಟಿದ್ದ.

"ಉಪ್ಪು ಒಂದು ಹರಳು ಬಿದ್ರೂ ನಿನ್ನನ್ನೇ ಉಪ್ಪಿನಲ್ಲಿ ಹೂಳ್ತೀನಿ," ಎಂದಳು ಹೆಟ್ಟಿ. "ಮೂರು ವರ್ಷ ಹುಲ್ಲು ಹುಟ್ಟಲ್ಲ."

ಅವಳಿಗಾಗ ಐವತ್ತಾರು. ಗುದ್ದಲಿಯ ಹಿಡಿ ನೆಲಕ್ಕೆ ಕುಟ್ಟಿ ನೋಡಿದಳು. ಕಲ್ಲು ಕುಟ್ಟಿದ ಸದ್ದು. ತಲೆ ಎತ್ತಿದಾಗ ಬಣ್ಣದ ಮನೆಯ ಗೋಡೆಯ ಬುಡದಲ್ಲಿ ಗುಬ್ಬಿಗಳ ಹಿಂಡು ಕಂಡಿತು. ಬಾನಿಯ ಬಿಸಿನೀರು ಹೊರಗೆ ಹರಿಯುವ ಕೊಳವೆ ಆ ಗೋಡೆಯ ಕೆಳಗೆ ಹಾದುಹೋಗುತ್ತಿತ್ತು. ಅದರ ಮೇಲಿನ ಮೂರಡಿ ನೆಲ ಮಾತ್ರ ಹಸಿರಾಗಿತ್ತು. ಊರಲ್ಲಿ ಉಳಿದ ಗುಬ್ಬಿಗಳೆಲ್ಲ ಅಲ್ಲೇ ಒತ್ತೊತ್ತಾಗಿ ಕೂತಿದ್ದವು.

"ಎಡ್ಗರ್, ಆ ಗುಬ್ಬಿಗಳನ್ನ ನೋಡು."

"ಗುಬ್ಬಿ ನೋಡೋ ಹೊತ್ತಾ ಇದು ಹೆಟ್ಟಿ? ನಂಗೆ ಇಲ್ಲಿ ಎದೆ ಒಡೀತಾ ಇದೆ."

"ಅವಕ್ಕೆ ಕಾಲು ಬೆಚ್ಚಗಿದೆ. ಯಾಕೆ ಹೇಳು."

ಎಡ್ಗರ್ ನೋಡಿದ. ಗುಬ್ಬಿಗಳನ್ನು, ಗೋಡೆಯನ್ನು, ಆಮೇಲೆ ಬಿಳಿಯಾಗಿ ಬಿದ್ದಿದ್ದ ಮೈದಾನವನ್ನು. ಅವನ ಬಾಯಿ ನಿಧಾನಕ್ಕೆ ತೆರೆಯಿತು.

ಇಲ್ಲಿಂಗ್‌ವರ್ತ್ ಸಾಹೇಬರಿಗೆ ಎಪ್ಪತ್ತಾರು. ಕಚೇರಿಯಲ್ಲಿ ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದರು. ಹೆಟ್ಟಿ ಹೇಳಿದ್ದನ್ನೆಲ್ಲ ಕೇಳಿದರು. ಬಣ್ಣದ ಮನೆ ಎರಡು ದಿನ ಬಟ್ಟೆ ಬಿಟ್ಟು ಬರೀ ನೀರು ಕಾಯಿಸಬೇಕು. ಆ ನೀರನ್ನು ಮೈದಾನದ ಕೆಳಗಿನ ಕೊಳವೆಗಳಿಗೆ ಮೇಲಿನ ಬಾಯಿಯಿಂದ ಬಿಡಬೇಕು.

"ಐವತ್ತು ವರ್ಷದ ಕೊಳವೆ. ಒಡೆದಿಲ್ಲ ಅಂತ ಹೇಗೆ ಹೇಳ್ತೀಯಾ?"

"ಮಳೆ ಬಂದಾಗ ಹಳ್ಳದ ಕಡೆ ಬಾಯಿಂದ ನೀರು ಬೀಳುತ್ತೆ. ದಿನಾ ನೋಡ್ತೀನಿ."

"ಬಾಯಿಗಳೆಲ್ಲಿವೆ? ನಕ್ಷೆ ಇದೆಯಾ?"

"ನಕ್ಷೆ ಇಲ್ಲ ಸಾಹೇಬ್ರೇ. ನನ್ನ ಕಾಲಿಗೆ ಗೊತ್ತು."

ಮುದುಕರು ಅವಳನ್ನೇ ದಿಟ್ಟಿಸಿದರು. "ನಿನ್ನ ಹತ್ರ ವಾದ ಮಾಡಿ ಇದುವರೆಗೂ ನಾನು ಗೆದ್ದಿಲ್ಲ," ಎಂದವರೇ ಫೋನಿಗೆ ಕೈ ಹಾಕಿದರು.

ಮಧ್ಯಾಹ್ನಕ್ಕೆ ಬಣ್ಣದ ಮನೆಯ ಬಾನಿಗಳೆಲ್ಲ ಬರೀ ನೀರು ಕುದಿಸುತ್ತಿದ್ದವು. ಹೆಟ್ಟಿ ಮೂಲೆಯ ಬಾವುಟದ ಬಳಿ ನಿಂತು ಅಪ್ಪನ ಲೆಕ್ಕದ ಹೆಜ್ಜೆ ಹಾಕಿದಳು. ಐದು. ಅಲ್ಲಿ ಗೂಟ ನೆಟ್ಟು, "ಇಲ್ಲಿ ಅಗೀರಿ," ಎಂದಳು. ಪಿಕಾಸಿ ಬಿದ್ದಲ್ಲೆಲ್ಲ ಕಿಡಿ ಹಾರಿತು. ಡಬ್ಬಿಗಳಲ್ಲಿ ಕೆಂಡ ತಂದು ನೆಲ ಬಿಸಿ ಮಾಡಿ, ಒಂದಡಿ ಅಗೆದರು, ಎರಡಡಿ ಅಗೆದರು. ಮೂರಡಿಗೆ ಬಂದರೂ ಬರೀ ಮಣ್ಣು. ಅಗೆಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲಗೆ, "ವಯಸ್ಸಾಯ್ತಲ್ಲ ಪಾಪ," ಎಂದ.

ಹೆಟ್ಟಿ ಕಣ್ಣು ಮುಚ್ಚಿ ನಿಂತಿದ್ದಳು. ತನ್ನ ಲೆಕ್ಕ ತಪ್ಪುವುದೆಂದರೆ ಅವಳಿಗೆ ಅಪ್ಪನ ಹೆಸರೇ ಅಳಿಸಿದ ಹಾಗೆ. ಆಗ ಹೊಳೆಯಿತು: ಯುದ್ಧ ಮುಗಿದ ಮೇಲೆ ಹೊಸ ಗೆರೆ ಎಳೆಯುವಾಗ ಜನ ನಿಂತು ನೋಡುವ ಕಟ್ಟೆಗೆ ಜಾಗ ಬಿಡಲು ಬಾವುಟವನ್ನು ಅರ್ಧ ಗಜ ಒಳಕ್ಕೆ ಸರಿಸಿದ್ದರು.

"ಗೋಡೆ ಕಡೆಗೆ ಅರ್ಧ ಗಜ ಸರೀರಿ. ನಿಮಗೆ ವಯಸ್ಸಾಗಿಲ್ಲ ಅಂದ್ರೆ."

ಎರಡೂವರೆ ಅಡಿಗೆ ಪಿಕಾಸಿಯ ತುದಿ ಟಣ್ ಎಂದಿತು. ಒಬ್ಬ ಮಂಡಿಯೂರಿ ಕೈಯಲ್ಲಿ ಮಣ್ಣು ಸರಿಸಿದ. ಕೆಂಪು ಮಣ್ಣಿನ ಕೊಳವೆಯ ದುಂಡು ಬಾಯಿ, ಮೊನ್ನೆ ಸುಟ್ಟು ತಂದ ಹಾಗೆ. ಅಲ್ಲಿಂದ ಮುಂದೆ ಅವಳು ಒಂಬತ್ತು ಹೆಜ್ಜೆ ಎಣಿಸಿ ಗೂಟ ನೆಟ್ಟಲ್ಲೆಲ್ಲ, ಒಂದು ಗೇಣು ಆಚೀಚೆ ಇಲ್ಲದೆ, ಕೊಳವೆ ಸಿಕ್ಕಿತು. ಗುರುವಾರ ಬೆಳಗ್ಗೆ ಹತ್ತಕ್ಕೆ ಇಪ್ಪತ್ತೆರಡೂ ಬಾಯಿ ತೆರೆದಿದ್ದವು.

ಗಿರಣಿಯ ಹತ್ತಿರದ ಬದಿಗೆ ಬೆಂಕಿ ಆರಿಸುವ ಕ್ಯಾನ್‌ವಾಸ್ ಕೊಳವೆಗಳು ಸಾಕಾದವು. ಆಚೆ ಬದಿಗೆ ಮನುಷ್ಯರೇ ಬೇಕಾಯಿತು. ಬಣ್ಣದ ಮನೆಯ ಬಾಗಿಲಿನಿಂದ ಮೈದಾನದ ಆಚೆ ಅಂಚಿನವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದರು. ತಿದ್ದುವ ಮನೆಯ ಹೆಂಗಸರು, ಚರ್ಚಿನ ಪಾದ್ರಿ, ಪೊಲೀಸಿನವನು, ಶಾಲೆಗೆ ರಜೆ ಕೊಟ್ಟು ಬಂದ ಮಾಸ್ತರು, ಹಾಲಿನ ಗಾಡಿ ನಿಲ್ಲಿಸಿ ಬಂದ ಬರ್ನಾರ್ಡ್ ಕ್ಲೆಗ್. ಈ ಬರ್ನಾರ್ಡನೇ ತಂಡದ ಮುಂಚೂಣಿ ಆಟಗಾರ.

"ಬರ್ನಾರ್ಡ್, ನೀನು ಬೆನ್ನು ಹಿಡಿಸ್ಕೊಂಡ್ರೆ ಶನಿವಾರ ಯಾರು ಆಡ್ತಾರೆ?" ಎಂದು ಯಾರೋ ಕೂಗಿದರು.

"ನಿಮ್ಮಜ್ಜಿನ ಕಳ್ಸು! ನನಗಿಂತ ಚೆನ್ನಾಗ್ ಒದೀತಾಳೆ!"

ನೀರು ಕೊಳವೆಗಳಿಗೆ ಇಳಿಯಿತು. ಆದರೆ ಹಳ್ಳದ ಕಡೆಯ ಬಾಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಒಳಗೆಲ್ಲ ಮಂಜುಗಡ್ಡೆ ಬಿರಡೆ ಹಾಕಿತ್ತು. ಹನ್ನೆರಡಾಯಿತು, ಎರಡಾಯಿತು. ಮೇಲಿನ ಬಾಯಿಗಳಲ್ಲಿ ನೀರು ತುಂಬಿ ಹಿಂದಕ್ಕೆ ಉಕ್ಕತೊಡಗಿತು. "ನಿಲ್ಲಿಸೋಣ ಹೆಟ್ಟಿ, ಮೈದಾನವೇ ಕೆಸರಾಗುತ್ತೆ," ಎಂದ ಎಡ್ಗರ್. ಅವಳು ತಲೆ ಅಲ್ಲಾಡಿಸಿ, ಹೆಪ್ಪುಗಟ್ಟಿದ ಹಳ್ಳಕ್ಕೆ ಇಳಿದು, ಕೊಳವೆಯ ಬಾಯಿಗೆ ಕಿವಿಯಿಟ್ಟು ಕೂತಳು.

ಮೊದಲು ಏನೂ ಇರಲಿಲ್ಲ. ಆಮೇಲೆ, ಬಲು ದೂರದಲ್ಲಿ, ಮುದುಕನೊಬ್ಬ ಗಂಟಲು ಸರಿಪಡಿಸಿಕೊಂಡ ಹಾಗೆ ಒಂದು ಸದ್ದು. ಮತ್ತೊಂದು. ಅವಳು ಮುಖ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಮಂಜಿನ ಚೂರುಗಳನ್ನು ಉಗುಳುತ್ತ ನೀರು ನುಗ್ಗುವುದಕ್ಕೂ ಸರಿಹೋಯಿತು. ಹಬೆಯಾಡುವ, ತಿಳಿನೀಲಿ ನೀರು. ದಂಡೆಯ ಮೇಲಿದ್ದವರು ಕೂಗಿದ ಕೂಗಿಗೆ ಗಿರಣಿಯ ಕಿಟಕಿಗಳೆಲ್ಲ ತೆರೆದವು. ಹೆಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈಯನ್ನು ಅದಕ್ಕೆ ಒಡ್ಡಿದ್ದಳು.

ಆ ಸಂಜೆ ಮತ್ತೆ ತೆಳ್ಳಗೆ ಹಿಮ ಉದುರಿತು. ಎಲ್ಲರ ಮನಸ್ಸೂ ಕುಸಿಯಿತು. ಆದರೆ ಶುಕ್ರವಾರ ಬೆಳಗಾದ ಮೇಲೆ, ಗುಡ್ಡದ ರಸ್ತೆಯಲ್ಲಿ ಕೆಲಸಕ್ಕೆ ಇಳಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತುಬಿಟ್ಟರು. ಹೆಟ್ಟಿ ಮೇಲಿನ ಬೀದಿಯ ತನ್ನ ಮನೆಯಿಂದ ಬರುತ್ತಿದ್ದಳು. ಗುಂಪು ಯಾಕೆಂದು ನೋಡಲು ಅವಳೂ ಗೋಡೆಯ ಬಳಿ ಹೋದಳು.

ಕೆಳಗೆ ಬಿಳಿಯ ಮೈದಾನ. ಅದರ ನಡುವೆ ತುದಿಯಿಂದ ತುದಿಗೆ ಒಂದು ಹಸಿರು ಗೆರೆ. ಅದರಿಂದ ಎಡಕ್ಕೆ ಹನ್ನೊಂದು, ಬಲಕ್ಕೆ ಹನ್ನೊಂದು ಓರೆ ಗೆರೆಗಳು, ಬಟ್ಟೆಯ ಮೇಲೆ ನೂಲು ಹಿಡಿದು ಎಳೆದಷ್ಟು ನೇರ. ಬೆಚ್ಚಗಾದ ಕೊಳವೆಗಳ ಮೇಲೆ ಮಾತ್ರ ಹಿಮ ನಿಲ್ಲದೆ ಕರಗಿತ್ತು. ಒಂದು ಗೆರೆಯೂ ಸೊಟ್ಟಗಿರಲಿಲ್ಲ, ಒಂದರ ಅಂತರಕ್ಕೂ ಮತ್ತೊಂದರ ಅಂತರಕ್ಕೂ ಬೆರಳಷ್ಟೂ ವ್ಯತ್ಯಾಸವಿರಲಿಲ್ಲ. ಸಂಜೆ ಸಂಜೆ, ಗಿರಣಿಯ ಹೊಗೆಯ ಮಬ್ಬಿನಲ್ಲಿ, ಅಳತೆಯ ಕಾಗದವಿಲ್ಲದೆ ಒಬ್ಬ ಮನುಷ್ಯ ತೋಡಿದ್ದು ಅದು. ಅವನನ್ನು ನೋಡಿದ್ದವರು ಊರಲ್ಲಿ ಹತ್ತು ಜನ ಉಳಿದಿದ್ದರೆ ಹೆಚ್ಚು.

ರಸ್ತೆಯಲ್ಲಿ ಇನ್ನೂರು ಜನ ಇದ್ದಿರಬೇಕು. ಗಂಡಸರು ಒಬ್ಬರ ಹಿಂದೆ ಒಬ್ಬರು ಟೋಪಿ ತೆಗೆದರು.

ಹೆಟ್ಟಿ ಅಪ್ಪನ ಕೈಬರಹ ಯಾವತ್ತೂ ನೋಡಿರಲಿಲ್ಲ. ಅವನಿಗೆ ಬರೆಯಲು ಬರುತ್ತಲೇ ಇರಲಿಲ್ಲ. ಸೈನ್ಯದ ಕಾಗದದಲ್ಲೂ ಹೆಬ್ಬೆಟ್ಟು ಒತ್ತಿ ಹೋದವನು. ಅವಳು ಗೋಡೆಯ ಮೇಲೆ ಕೈಯೂರಿ ಆ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ, ಓದಿದಳು. ಪಕ್ಕದಲ್ಲಿದ್ದ ಎಡ್ಗರ್ ಅಳುತ್ತಿದ್ದ, ನಾಚಿಕೆಯಿಲ್ಲದೆ.

"ಯಾರು ಹೆಟ್ಟಿ ಇದನ್ನ ಮಾಡಿದ್ದು? ಕ್ಲಬ್ಬಿನ ಯಾವ ಪುಸ್ತಕದಲ್ಲೂ ಇಲ್ವಲ್ಲ."

"ಏಮಸ್ ಡೈಸನ್ ಅಂತ. ನಮ್ಮಪ್ಪ. ಬರ್ಕೋ."

ಸಂಜೆಯ ಹೊತ್ತಿಗೆ ಗೆರೆಗಳು ಹರಡಿ ಒಂದಕ್ಕೊಂದು ಸೇರಿ ಮೈದಾನವೆಲ್ಲ ಹಸಿರಾಯಿತು. ಶನಿವಾರ ಬೆಳಗ್ಗೆ ರೆಫರಿ ಬಂದು ಹಿಮ್ಮಡಿಯಿಂದ ಅಲ್ಲಲ್ಲಿ ಒತ್ತಿ ನೋಡಿದ. ಬಗ್ಗಿ ಅಂಗೈ ಇಟ್ಟ. "ಇದು ಬೆಚ್ಚಗಿದೆ!" ಎಂದ. ಅವನ ಮುಖ ನೋಡಿ ಎಡ್ಗರ್‌ಗೆ ನಗು ಬಂತು. ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತ ಹೋದ: "ಆಟ ಇದೆ! ಆಟ ಇದೆ!"

ಒಂಬತ್ತು ಸಾವಿರ ಜನ ಬಂದರು. ಊರಿನ ಜನಸಂಖ್ಯೆಯೇ ಏಳು ಸಾವಿರ. ಮಾರ್ಲಿಂಗ್‌ಹ್ಯಾಮ್‌ನವರು ರೇಷ್ಮೆಯ ಹಾಗೆ ಹೊಳೆಯುವ ಬಿಳಿ ಅಂಗಿಯಲ್ಲಿ ಬಂದು, ಸುತ್ತ ಎದೆಯೆತ್ತರ ಪೇರಿಸಿದ ಹಿಮದ ಗೋಡೆಗಳ ನಡುವೆ ಹಸಿರು ಕಂಡು, ನಂಬಲಾರದೆ ಕಾಲಿನಿಂದ ಕೆದಕಿದರು. ಏಳನೆಯ ನಿಮಿಷಕ್ಕೇ ಗೋಲು ಹೊಡೆದರು. ಆಮೇಲೆ ಎಪ್ಪತ್ತು ನಿಮಿಷ ನೀಲಿಗೈಗಳು ಅವರನ್ನು ಹೇಗೆ ತಡೆದರೋ, ಚೆಂಡು ಎಷ್ಟು ಸಲ ಕಂಬಕ್ಕೆ ಬಡಿಯಿತೋ, ಊರವರು ಅದನ್ನು ಇಂದಿಗೂ ನಿಮಿಷ ನಿಮಿಷ ಲೆಕ್ಕ ಹಿಡಿದು ಹೇಳುತ್ತಾರೆ. ಎಪ್ಪತ್ತೊಂಬತ್ತನೆಯ ನಿಮಿಷ ಮೂಲೆಯಿಂದ ಬಂದ ಚೆಂಡಿಗೆ ಹಾಲಿನ ಬರ್ನಾರ್ಡ್ ಹಣೆ ಕೊಟ್ಟ. ಬಲೆ ಉಬ್ಬಿತು. ಒಂದು ಒಂದು.

ಹೆಟ್ಟಿ ಗೋಲಿನ ಹಿಂದೆ ಅಲ್ಲಿಯೇ ಇದ್ದಳು. ಜೀವನದಲ್ಲಿ ಮೊದಲ ಸಲ ಅವಳು ಕಾಲುಗಳನ್ನು ಬಿಟ್ಟು ಚೆಂಡನ್ನು ನೋಡಿದ್ದಳು. ಪಕ್ಕದ ಅಪರಿಚಿತ ಗಂಡಸು ಅವಳನ್ನು ಎತ್ತಿ ಗಿರ್ರನೆ ತಿರುಗಿಸಿ ಇಳಿಸಿದ. ಅವಳ ಟೋಪಿ ಎಲ್ಲಿ ಹೋಯಿತೋ ಸಿಗಲೇ ಇಲ್ಲ.

ಕೊನೆಯ ಸೀಟಿ ಊದಿದಾಗ ಅವಳು ಹಲ್ಲು ಕಚ್ಚಿ ನಿಂತಳು. ದೊಡ್ಡ ಆಟ ಮುಗಿದಾಗ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗುವುದು, ಆಟಗಾರರನ್ನು ಹೊತ್ತು ಕುಣಿಯುವುದು ಎಲ್ಲೆಡೆ ನಡೆಯುವಂಥದ್ದು. ಒಂಬತ್ತು ಸಾವಿರ ಜೋಡಿ ಬೂಟು. ಬೇಲಿಯ ಮೇಲೆ ಹತ್ತಾರು ಜನ ಕಾಲು ಹಾಕಿದ್ದೂ ಆಯಿತು. ಆಗ ಬಣ್ಣದ ಮನೆಯವರ ಕಟ್ಟೆಯಿಂದ ಯಾರೋ ಒಬ್ಬರು, "ಏಯ್, ಅಂಚಿನಲ್ಲಿ ಹೋಗ್ರೋ! ಅಂಚಿನಲ್ಲಿ!" ಎಂದರು. ಮಾತು ಕಟ್ಟೆಯಿಂದ ಕಟ್ಟೆಗೆ ದಾಟಿತು. ಹಾಕಿದ ಕಾಲುಗಳು ಹಿಂದಕ್ಕೆ ಬಂದವು. ಒಂಬತ್ತು ಸಾವಿರ ಜನ, ಮಾರ್ಲಿಂಗ್‌ಹ್ಯಾಮ್‌ನಿಂದ ಬಂದಿದ್ದ ಮೂರು ಸಾವಿರವೂ ಸೇರಿ, ಹಿಮದ ಗೋಡೆಗಳ ಪಕ್ಕದ ಕಿರುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸುತ್ತುಹಾಕಿಕೊಂಡು ಗೇಟಿನ ಕಡೆ ನಡೆದರು. ಒಬ್ಬನೂ ಹುಲ್ಲಿನ ಮೇಲೆ ಹೆಜ್ಜೆ ಇಡಲಿಲ್ಲ. ಮೈದಾನ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಸಾವಿರಾರು ಜನರ ಬಾಯಿಂದ ಎದ್ದ ಉಸಿರು ಬಿಳಿಯ ಮೋಡವಾಗಿ ಹಸಿರಿನ ಮೇಲೆ ನಿಂತಿತ್ತು.

ಹೆಟ್ಟಿ ಆ ಮುಕ್ಕಾಲು ಗಂಟೆ ಅಲುಗಲಿಲ್ಲ. ಇಂಥದ್ದು ಒಂದು ನಡೆಯಬಹುದು ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹಾದುಹೋಗುವವರು ಅವಳ ಕಡೆ ತಲೆ ಬಾಗಿಸುತ್ತಿದ್ದರು, ಕೆಲವರು ಬರೀ ನೋಡಿ ಹೋಗುತ್ತಿದ್ದರು. ಮಾರ್ಲಿಂಗ್‌ಹ್ಯಾಮ್‌ನ ನಾಯಕ, ದೇಶಕ್ಕೆ ಆಡುವವನು, ಸ್ನಾನವನ್ನೂ ಮಾಡದೆ ಅವಳ ಹತ್ತಿರ ಬಂದ.

"ನೀವೇನಾ ಅಮ್ಮಾ? ನಾನು ಏಳು ದೇಶದಲ್ಲಿ ಆಡಿದೀನಿ. ಇಂಥಾ ನೆಲ ನೋಡಿಲ್ಲ."

"ಆ ಎಡಗಡೆ ಗೋಲಿನ ಮುಂದೆ ನೀವು ಜಾರಿ ಒಂದು ಮೊಳ ಹುಲ್ಲು ಕಿತ್ತಿದೀರಿ," ಎಂದಳು ಹೆಟ್ಟಿ. ಅವನು ನಕ್ಕು, "ತಪ್ಪಾಯ್ತು," ಎಂದು ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಕುಲುಕಿದ.

ಆಟ ಸಮವಾದ್ದರಿಂದ ಮರು ಆಟ ಮುಂದಿನ ವಾರ ಅವರ ನಗರದಲ್ಲಿ ನಡೆಯಿತು. ನೀಲಿಗೈಗಳು ನಾಲ್ಕು ಸೊನ್ನೆಯಲ್ಲಿ ಸೋತರು. ಬಸ್ಸಿನಲ್ಲಿ ಹಿಂತಿರುಗಿ ಬಂದಾಗ ಊರು ಗೆದ್ದವರನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಂಡಿತು. ಎಡ್ಗರ್ ಕ್ಲಬ್ಬಿನ ಎಪ್ಪತ್ತೈದನೆಯ ವರ್ಷಕ್ಕೆಂದು ಬರೆಯುತ್ತಿದ್ದ ಇತಿಹಾಸದಲ್ಲಿ ಏಮಸ್ ಡೈಸನ್‌ಗೆ ಒಂದು ಪುಟ ಕೊಟ್ಟ, ಹೆಟ್ಟಿಗೆ ಆರು. ಅವಳು ಅದನ್ನು ಓದಿ, ಒಂದು ಕಡೆ ಹುಲ್ಲಿನ ಜಾತಿಯ ಹೆಸರು ತಪ್ಪಾಗಿದೆ ಎಂದು ಹೇಳಿ ತಿದ್ದಿಸಿದಳು.

ಟೆಂಟರ್ ಮೈದಾನದ ಆ ಆಟದ ಮರುದಿನ, ಭಾನುವಾರ, ಅವಳು ಚರ್ಚಿಗೆ ಹೋಗಲಿಲ್ಲ. ಫೋರ್ಕು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಬೀಜ ತೆಗೆದುಕೊಂಡು ಎಡಗಡೆಯ ಗೋಲಿನ ಮುಂದೆ ಮಂಡಿಯೂರಿ ಕೂತಿದ್ದಳು. ಪ್ರಾರ್ಥನೆ ಮುಗಿಸಿ ಮನೆಗೆ ಹೋಗುತ್ತಿದ್ದ ಪಾದ್ರಿ ಬೇಲಿಯಾಚೆ ನಿಂತು, "ಇವತ್ತೂ ಕೆಲಸವಾ ಮಿಸೆಸ್ ಲಮ್?" ಎಂದರು.

"ಮುಂದಿನ ಶನಿವಾರ ಲೀಗ್ ಆಟ ಇದೆಯಲ್ಲ ಫಾದರ್," ಎಂದು ಅವಳು ತಲೆ ಎತ್ತದೆ ಹೇಳಿದಳು. "ಜನ ಬರ್ತಾರೆ."